ಪಾಯದೊಳಗಿನ ಬಾಚಿ

ಮಕ್ಕಳನ್ನು ನೋಡಲೆಂದು ಅಮೆರಿಕಕ್ಕೆ ಹೋದ ಅಪ್ಪ ಅಮ್ಮಂದಿರಿಗೆ ಮೂರು ದರ್ಶನಗಳು ತಪ್ಪಿದ್ದಲ್ಲ: ಒಂದು ಜಲಪಾತ, ಒಂದು ದೇವಸ್ಥಾನ, ಒಂದು ಮ್ಯೂಸಿಯಂ. ಮೂರರಲ್ಲಿ ನನಗೆ ಹಿಡಿಸಿದ್ದು ಮ್ಯೂಸಿಯಂ. ಅಲ್ಲಿ ಕೂರುವುದಕ್ಕೆ ಬೆಂಚು ಇರುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಈಜಿಪ್ಟ್ ವಿಭಾಗಕ್ಕೆ ಬರುವಷ್ಟರಲ್ಲಿ ನನ್ನ ಮಂಡಿಗಳು ಮುಷ್ಕರ ಹೂಡಿದ್ದವು. ಮಗ, ಸೊಸೆ, ನನ್ನಾಕೆ ಮೂವರೂ ಮಮ್ಮಿಗಳನ್ನು ಹುಡುಕಿಕೊಂಡು ಮುಂದೆ ಹೋದರು. ನಾನು ಸಿಕ್ಕಿದ ಬೆಂಚಿನ ಮೇಲೆ ಕೂತೆ. ಎದುರಿಗೆ ಗಾಜಿನ ಪೆಟ್ಟಿಗೆ. ಅದರೊಳಗೊಂದು ಬಾಚಿ.

ಬಾಚಿ ಎಂದರೆ ಬಡಗಿ ಮರ ಕೆತ್ತುವ ಬಾಚಿಯೇ. ಮರದ ಹಿಡಿ, ಅದಕ್ಕೆ ತೊಗಲಿನ ಪಟ್ಟಿ ಸುತ್ತಿ ಬಿಗಿದ ಲೋಹದ ಅಲಗು. ಪಕ್ಕದಲ್ಲಿ ಉಳಿ. ಅದರ ಪಕ್ಕ ಇಟ್ಟಿಗೆ ಅಚ್ಚು, ನಾಲ್ಕು ಪಟ್ಟಿ ಸೇರಿಸಿ ಒಂದು ಕಡೆ ಹಿಡಿ ಬಿಟ್ಟದ್ದು, ನಮ್ಮೂರ ಕೆರೆಯಂಗಳದಲ್ಲಿ ಹಸಿ ಇಟ್ಟಿಗೆ ಹೊಡೆಯುತ್ತಿದ್ದವರ ಕೈಲಿದ್ದಂಥದ್ದೇ. ಆಮೇಲೆ ತೊಟ್ಟಿಲಿನ ಹಾಗೆ ತೂಗುವ ಒಂದು ಮರದ ಚೌಕಟ್ಟು. ಎಲ್ಲವೂ ಚಿಕ್ಕಚಿಕ್ಕವು. ಯಾರೋ ರಾಜಕುಮಾರ ಆಡಿ ಬಿಟ್ಟ ಆಟಿಕೆ ಇರಬೇಕು, ಅರಮನೆಯಲ್ಲಿ ಹುಟ್ಟಿದರೂ ಪಾಪ, ಮೇಸ್ತ್ರಿ ಆಗಬೇಕೆಂಬ ಆಸೆ ಇತ್ತೇನೋ ಅಂದುಕೊಂಡೆ. ಎದ್ದು ಹೋಗಿ ಚೀಟಿ ಓದಿದರೆ, ಅವು ಆಟಿಕೆಗಳಲ್ಲ. ಒಂದು ದೇವಸ್ಥಾನದ ಪಾಯದ ಗುಂಡಿಯಲ್ಲಿ, ಮತ್ತೆ ಯಾರ ಕಣ್ಣಿಗೂ ಬೀಳಬಾರದೆಂದು ಹೂತಿಟ್ಟ ಸಾಮಾನು.

ಆ ದೇವಸ್ಥಾನ ರಾಣಿ ಹತ್‌ಶೆಪ್ಸುತ್‌ಳದು. ರಾಣಿ ಅನ್ನುವುದೂ ತಪ್ಪು. ಆಕೆ ಸ್ವತಃ ಫೇರೋ ಎಂದು ಕಿರೀಟ ಇಟ್ಟುಕೊಂಡು, ವಿಗ್ರಹಗಳಲ್ಲಿ ಗಡ್ಡವನ್ನೂ ಕಟ್ಟಿಸಿಕೊಂಡವಳು. ಕ್ರಿ.ಪೂ. ಹದಿನೈದನೆಯ ಶತಮಾನದಲ್ಲಿ, ನೈಲ್ ನದಿಯ ಪಶ್ಚಿಮ ದಡದ ದೈರ್ ಅಲ್ ಬಹ್ರಿ ಎಂಬಲ್ಲಿ, ಗೋಡೆಯಂತೆ ನಿಂತ ಸುಣ್ಣಕಲ್ಲಿನ ಬೆಟ್ಟದ ಬುಡಕ್ಕೆ ಮೂರು ಅಂತಸ್ತಿನ ಜಗಲಿಗಳ ಗುಡಿ ಕಟ್ಟಿಸಿದಳು. ಕಟ್ಟುವ ಮೊದಲು ಅಂಚಿನಲ್ಲಿ, ಮೂಲೆಗಳಲ್ಲಿ ಗುಂಡಿ ತೋಡಿಸಿ ಈ ಬಾಚಿ, ಉಳಿ, ಅಚ್ಚುಗಳನ್ನೂ, ಎಣ್ಣೆ ಲೇಪಗಳ ಹಾಲುಗಲ್ಲಿನ ಭರಣಿಗಳನ್ನೂ, ಮಡಕೆ ಕುಡಿಕೆಗಳನ್ನೂ, ತಿನ್ನುವ ಪದಾರ್ಥಗಳನ್ನೂ ಇಡಿಸಿದಳು. ಮೂರು ಗುಂಡಿಗಳಲ್ಲಿ ಸಿಕ್ಕಿದ ಜೀರುಂಡೆ ಆಕಾರದ ಮುದ್ರೆಗಳೇ ಮುನ್ನೂರರ ಹತ್ತಿರ. 1920ರ ದಶಕದಲ್ಲಿ ಹರ್ಬರ್ಟ್ ವಿನ್‌ಲಾಕ್ ಎಂಬಾತ ಈ ಮ್ಯೂಸಿಯಮ್ಮಿನ ಪರವಾಗಿ ಅಲ್ಲಿ ಅಗೆಯುವವರೆಗೆ ಅವುಗಳಲ್ಲಿ ಎಷ್ಟೋ ಗುಂಡಿಗಳು ಹಾಕಿದ ಮುಚ್ಚಳ ತೆಗೆಯದ ಹಾಗೆ ಇದ್ದವು. ತೊಟ್ಟಿಲು ಅಂದುಕೊಂಡೆನಲ್ಲ, ಅದರ ಬಗ್ಗೆ ಪಂಡಿತರಲ್ಲೂ ಒಮ್ಮತ ಇಲ್ಲ. ದೊಡ್ಡ ಕಲ್ಲನ್ನು ಅದರ ಮೇಲಿಟ್ಟು ತೂಗಿ ತೂಗಿ ಸರಿಸುತ್ತಿದ್ದಿರಬೇಕು ಅನ್ನುವವರು ಹೆಚ್ಚು. ಹಾಗಿದ್ದರೆ ನನ್ನ ಊಹೆಯೂ ಪೂರಾ ಸುಳ್ಳಲ್ಲ, ಕಲ್ಲಿನ ತೊಟ್ಟಿಲು.

ಆ ಗಾಜಿನ ಮುಂದೆ ನಿಂತಾಗ ನನಗೆ ನೆನಪಾದದ್ದು ಮಾತ್ರ ನಮ್ಮ ಮನೆಯ ಪಾಯ. ಇಪ್ಪತ್ತು ವರ್ಷದ ಹಿಂದೆ ಸಾಲ ಮಾಡಿ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಲು ಹೊರಟಾಗ, ಜೋಯಿಸರು ಕೊಟ್ಟ ಪಟ್ಟಿಯಲ್ಲಿ ನವರತ್ನ, ಪಂಚಲೋಹ, ನವಧಾನ್ಯ ಎಂದಿತ್ತು. ನವರತ್ನ ಎಂಬ ಪದ ನೋಡಿ ನನ್ನ ಎದೆ ಹಾರಿತು. ಬ್ಯಾಂಕಿನವರು ಅದಕ್ಕೆ ಸಾಲ ಕೊಟ್ಟಿರಲಿಲ್ಲ. ಗ್ರಂಧಿಗೆ ಅಂಗಡಿಯವನು ನಗುತ್ತ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಕವರೊಂದನ್ನು ಎಸೆದ. ಒಂಬತ್ತು ಬಣ್ಣದ ಕಲ್ಲಿನ ಚೂರು, ಐದು ಲೋಹದ ತುಣುಕು, ಎಲ್ಲಾ ಸೇರಿ ಒಂದು ಕಾಫಿ ತಿಂಡಿಯ ಬೆಲೆ. ಚಿನ್ನದ ತುಣುಕನ್ನು ಹುಡುಕಲು ಕನ್ನಡಕ ಹಾಕಿಕೊಂಡರೂ ಆಗಲಿಲ್ಲ. ‘ಇದು ದೇವರಿಗೆ ಗೊತ್ತಾಗಲ್ವಾ?’ ಎಂದು ಕೇಳಿದ್ದಕ್ಕೆ ಜೋಯಿಸರು ಶಾಂತವಾಗಿ, ‘ಭಾವನೆ ಮುಖ್ಯ ಸ್ವಾಮಿ’ ಅಂದರು. ದಕ್ಷಿಣೆಯ ವಿಚಾರದಲ್ಲಿ ಅವರು ಹಾಗೆ ಅನ್ನಲಿಲ್ಲ.

ನನಗಿಂತ ಎರಡು ಸಾವಿರದ ಇನ್ನೂರು ಚಿಲ್ಲರೆ ವರ್ಷ ಹಿಂದೆ ಇದೇ ಪೊಟ್ಟಣವನ್ನು ಇನ್ನೊಬ್ಬ ಯಜಮಾನ ಪಾಯಕ್ಕೆ ಹಾಕಿದ್ದಾನೆ. ಎರಡನೆಯ ಟಾಲೆಮಿ ಎಂಬ ಈಜಿಪ್ಟಿನ ರಾಜ. ನೈಲ್ ನದಿ ಕವಲೊಡೆಯುವ ಬಯಲಿನ ನೌಕ್ರಟಿಸ್ ಎಂಬ ಗ್ರೀಕರ ವ್ಯಾಪಾರದ ಊರಿನಲ್ಲಿ ಅವನು ಕಟ್ಟಿಸಿದ ಕಟ್ಟಡದ ಮೂಲೆಗಳ ಕೆಳಗೆ ಬೆರಳುದ್ದದ ಗುದ್ದಲಿ, ಉಳಿ, ಕರಣೆ, ಅವುಗಳ ಜೊತೆ ಚಿನ್ನ, ಬೆಳ್ಳಿ, ತಾಮ್ರ, ಸೀಸ, ಕಬ್ಬಿಣದ ಮಾದರಿ ತುಂಡುಗಳು, ವೈಡೂರ್ಯದಂಥ ಬಣ್ಣದ ಕಲ್ಲಿನ ಚೂರುಗಳು, ಒಂದೊಂದು ಪುಟಾಣಿ ಮಣ್ಣಿಟ್ಟಿಗೆ ಸಿಕ್ಕವು. ಈಜಿಪ್ಟಿನ ಜೋಯಿಸರೂ ಭಾವನೆಗೇ ಪ್ರಾಶಸ್ತ್ಯ ಕೊಡುತ್ತಿದ್ದರು ಎಂದಾಯಿತು. ಇವರಿಂದ ಅವರು ಕಲಿತರೋ ಅವರಿಂದ ಇವರು ಕಲಿತರೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಮನೆ ಕಟ್ಟಿಸುವವನ ಹೆದರಿಕೆ ಎಲ್ಲ ದೇಶದಲ್ಲೂ ಒಂದೇ. ಹೆದರಿದವನ ಕೈ ತಾನಾಗಿ ಗಂಟಿನ ಕಡೆಗೆ ಹೋಗುತ್ತದೆ.

ನೌಕ್ರಟಿಸ್ಸಿನ ಗುಂಡಿಗಳನ್ನು ಕಂಡುಹಿಡಿದವನು ಫ್ಲಿಂಡರ್ಸ್ ಪೆಟ್ರಿ. 1884–85ರ ಚಳಿಗಾಲದಲ್ಲಿ ಅಲ್ಲಿಗೆ ಹೋದ. ಜಿಪುಣತನದಲ್ಲಿ ಋಷಿ. ಡಬ್ಬದಲ್ಲಿ ಬಂದ ಆಹಾರ ತಿಂದು ಬದುಕುತ್ತಿದ್ದನಂತೆ. ಹಳೆಯ ಡಬ್ಬಗಳನ್ನು ಗೋಡೆಗೆ ಎಸೆದು, ಒಡೆಯದಿದ್ದರೆ ಇನ್ನೂ ತಿನ್ನಬಹುದು ಎಂದು ತೀರ್ಮಾನಿಸುತ್ತಿದ್ದ ಎಂದೂ ಕಥೆ ಇದೆ. ಅವನ ಕಾಲದವರು ದೊಡ್ಡ ವಿಗ್ರಹ, ಬರಹದ ಕಲ್ಲು ಹುಡುಕುತ್ತಿದ್ದಾಗ ಇವನಿಗೆ ಮಡಕೆ ಚೂರು, ಮಣಿ, ಮೊಳೆಗಳ ಮೇಲೆ ಕಣ್ಣು. ಕಟ್ಟಡ ಪೂರ್ತಿ ಹಾಳಾಗಿ ಹೋಗಿದ್ದರೂ ಅದರ ಮೂಲೆ ಎಲ್ಲಿತ್ತು ಎಂದು ಗೊತ್ತಾದರೆ ಸಾಕು, ಅಲ್ಲಿ ಅಗೆ, ಯಜಮಾನನ ಹೆಸರು ಸಿಗುತ್ತದೆ ಎಂಬ ಗುಟ್ಟು ಅವನ ಕೈಗೆ ಹತ್ತಿತು. ಆಮೇಲೆ ಅವನು ಹೋದಲ್ಲೆಲ್ಲ ಮೂಲೆ ಹುಡುಕುವುದೇ ಕೆಲಸ. ಟೆಲ್ ಡಫೆನ್ನೆಯಲ್ಲಿ, ಕೊಪ್ಟೋಸಿನಲ್ಲಿ, 1896ರಲ್ಲಿ ಥೀಬ್ಸ್‌ನಲ್ಲಿ.

ಮೂಲೆ ಎಂದರೆ ಅಲ್ಲಿ ಸುಮ್ಮನೆ ನಿಶ್ಚಯವಾಗುವ ವಿಷಯವಲ್ಲ. ಅದಕ್ಕೆ ರಾಜನೇ ರಾತ್ರಿ ಎದ್ದು ಬರಬೇಕು. ಎಡ್ಫು ಎಂಬಲ್ಲಿ ಗಿಡುಗದೇವರಾದ ಹೋರಸ್‌ನ ಗುಡಿಯಿದೆ. ಅದರ ಗೋಡೆಗಳಲ್ಲಿ ಈ ಶಂಕುಸ್ಥಾಪನೆಯ ಶಾಸ್ತ್ರವೆಲ್ಲ ಚಿತ್ರ ಸಮೇತ ಇದೆ. ಶಂಕು ಅಂದರೆ ಗೂಟ ಎಂಬುದನ್ನು ನಾವು ಮರೆತು, ಮಂತ್ರಿಗಳ ಹೆಸರು ಕೆತ್ತಿದ ಗ್ರಾನೈಟ್ ಚಪ್ಪಡಿಯೇ ಶಂಕು ಅಂದುಕೊಂಡಿದ್ದೇವೆ. ಎಡ್ಫುವಿನ ರಾಜ ನಿಜವಾದ ಗೂಟವನ್ನೇ ಹಿಡಿದಿದ್ದಾನೆ. ಒಂದು ಕೈಯಲ್ಲಿ ಗೂಟ, ಇನ್ನೊಂದರಲ್ಲಿ ಕೊಡತಿ. ಎದುರಿಗೆ ಸೆಶತ್ ದೇವಿ, ಲೆಕ್ಕ ಬರಹಗಳ ಅಧಿದೇವತೆ, ಚಿರತೆಯ ತೊಗಲುಟ್ಟು, ತಲೆಯ ಮೇಲೆ ನಕ್ಷತ್ರದಂಥ ಹೂವು ಮುಡಿದವಳು. ಇಬ್ಬರ ನಡುವೆ ಹಗ್ಗ. ‘ಹಗ್ಗ ಎಳೆಯುವುದು’ ಎಂದೇ ಆ ಶಾಸ್ತ್ರದ ಹೆಸರು. ಹತ್‌ಶೆಪ್ಸುತ್‌ಳ ಭರಣಿಗಳ ಮೇಲೂ ಇದೇ ಮಾತು: ತನ್ನ ತಂದೆ ಅಮುನ್ ದೇವರಿಗೆಂದು ಹಗ್ಗ ಎಳೆದಾಗ ಇಟ್ಟದ್ದು ಎಂದು. ದಿಕ್ಕು ಹಿಡಿಯಲು ರಾಜ ಉತ್ತರದ ಆಕಾಶದಲ್ಲಿ ಒಂದು ಎತ್ತಿನ ಮುಂಗಾಲನ್ನು ನೋಡುತ್ತಾನೆ. ಅವರು ಮುಂಗಾಲು ಎಂದ ಆ ಏಳು ನಕ್ಷತ್ರಗಳು ನಮ್ಮ ಸಪ್ತರ್ಷಿಗಳೇ. ವಸಿಷ್ಠ, ಅರುಂಧತಿಯರನ್ನು ಗೊರಸಿನ ಹತ್ತಿರ ಎಲ್ಲೋ ಕಲ್ಪಿಸಿಕೊಳ್ಳಲು ನನಗೆ ಸ್ವಲ್ಪ ಮುಜುಗರವಾಯಿತು. ಅಂಥದೇ ಮುಂಗಾಲನ್ನು, ಎತ್ತಿನ ತಲೆಯನ್ನು ಕಡಿದು ಪಾಯದ ಗುಂಡಿಗೂ ಹಾಕುತ್ತಿದ್ದರು; ಮೇಲೊಂದು ಕಾಲು, ಕೆಳಗೊಂದು ಕಾಲು.

ಗೂಟ ನೆಟ್ಟ ಮೇಲೆ ಗೆರೆಯ ಗುಂಟ ಬಿಳಿ ಪುಡಿ ಉದುರಿಸಬೇಕು. ಜಿಪ್ಸಂ ಎನ್ನುತ್ತಾರೆ. ನಮ್ಮ ಮೇಸ್ತ್ರಿ ನೂಲು ಕಟ್ಟಿ ಸುಣ್ಣ ಉದುರಿಸಿದನಲ್ಲ, ಅದೇ. ಆಮೇಲೆ ರಾಜ ಗುದ್ದಲಿ ಹಿಡಿದು ಅಗೆಯುತ್ತಾನೆ. ಎಲ್ಲಿಯವರೆಗೆ? ಕೆಳಗಿನ ನೀರು ಕಾಣುವವರೆಗೆ. ಸೃಷ್ಟಿಗೆ ಮೊದಲು ಇದ್ದ ಜಲ ಅದು, ನೂನ್ ಎಂದು ಹೆಸರು. ನಮ್ಮ ಪಾಯದಲ್ಲೂ ನೀರು ಕಂಡಿತ್ತು; ಆದರೆ ಅದನ್ನು ನೋಡಿ ಆದಿಜಲ ಎಂದು ಕೈಮುಗಿಯುವ ಸಂಸ್ಕಾರ ನಮಗೆ ಬರಲಿಲ್ಲ, ಪಕ್ಕದ ಮನೆಯವರ ಸಂಪು ಸೋರುತ್ತಿದೆ ಎಂದು ಜಗಳಕ್ಕೆ ಹೋದೆವು. ಅಗೆದ ಗುಂಡಿಗೆ ರಾಜ ಶುದ್ಧವಾದ ಮರಳು ಸುರಿಯುತ್ತಾನೆ, ಆ ನೀರಿನಿಂದ ಮೊದಲು ಮೇಲೆದ್ದ ದಿಬ್ಬಕ್ಕೆ ಅದು ಸಮ. ಕಲ್ಲು ಸಮನಾಗಿ ಕೂರುವುದಕ್ಕೂ ಮರಳು ಒಳ್ಳೆಯದು ಎಂಬುದು ಎಂಜಿನಿಯರುಗಳ ಮಾತು. ದೇವರಿಗೂ ಎಂಜಿನಿಯರಿಗೂ ಒಟ್ಟಿಗೆ ಒಪ್ಪಿಗೆಯಾಗುವ ಸಾಮಾನು ಜಗತ್ತಿನಲ್ಲಿ ಕಡಿಮೆ, ಮರಳು ಅವುಗಳಲ್ಲೊಂದು. ಆಮೇಲೆ ರಾಜ ಮಣ್ಣು ಕಲಸಿ ಮೊದಲ ಇಟ್ಟಿಗೆ ಹೊಡೆಯುತ್ತಾನೆ, ಮೂಲೆಗಳಲ್ಲಿ ಲೋಹದ, ಕಲ್ಲಿನ ಫಲಕಗಳನ್ನು ಇಡುತ್ತಾನೆ. ಕೊನೆಗೆ ಗುಡಿಯನ್ನು ಅದರ ಯಜಮಾನನಿಗೆ, ಅಂದರೆ ದೇವರಿಗೆ, ಒಪ್ಪಿಸುತ್ತಾನೆ. ಗೃಹಪ್ರವೇಶ.

ಎಡ್ಫುವಿನಲ್ಲಿ ಹಗ್ಗ ಎಳೆದದ್ದು ಕ್ರಿ.ಪೂ. 237ರ ಆಗಸ್ಟ್ 23ರಂದು, ಮೂರನೆಯ ಟಾಲೆಮಿಯ ಕಾಲದಲ್ಲಿ. ಕೆಲಸ ಪೂರ್ತಿಯಾಗಿ ಮಹಾದ್ವಾರದ ಕದಗಳು ಕೂತದ್ದು ಕ್ರಿ.ಪೂ. 57ರಲ್ಲಿ, ಹನ್ನೆರಡನೆಯ ಟಾಲೆಮಿಯ ಕಾಲದಲ್ಲಿ. ನೂರ ಎಂಬತ್ತು ವರ್ಷ. ನಮ್ಮ ಮೇಸ್ತ್ರಿಯನ್ನು ನಿಧಾನ ಎಂದು ಬೈದದ್ದಕ್ಕೆ ಆ ಬೆಂಚಿನ ಮೇಲೆ ಕೂತೇ ಮನಸ್ಸಿನಲ್ಲಿ ಕ್ಷಮೆ ಕೇಳಿದೆ.

ಇಷ್ಟೆಲ್ಲ ಮಾಡಿ, ಮುಚ್ಚಿ, ಮೇಲೆ ಸಾವಿರಾರು ಮಣ ಕಲ್ಲು ಹೇರಿಬಿಡುತ್ತಾರೆ. ಗುಂಡಿಯಲ್ಲಿದ್ದ ಎಷ್ಟೋ ಸಾಮಾನುಗಳ ಮೇಲೆ ಯಜಮಾನನ ಹೆಸರು ಬರೆದಿರುತ್ತದೆ. ಓದುವವರು ಯಾರು? ನನ್ನನ್ನು ಕಾಡಿದ್ದು ಇದು. ಹೆಸರು ಎಂದರೆ ನಾಲ್ಕು ಜನರ ಕಣ್ಣಿಗೆ ಬೀಳಬೇಕು ಎಂದು ಬೆಳೆದವನು ನಾನು. ನಮ್ಮ ಬಡಾವಣೆಯ ಗುಡಿಗೆ ಫ್ಯಾನ್ ಕೊಟ್ಟ ಮಹನೀಯರೊಬ್ಬರು ಮೂರು ರೆಕ್ಕೆಗಳ ಮೇಲೂ ತಮ್ಮ ಹೆಸರು ಬರೆಸಿದ್ದಾರೆ. ಕರೆಂಟು ಹೋದಾಗ ಮಾತ್ರ ಅವರ ಔದಾರ್ಯ ತಿಳಿಯುತ್ತದೆ.

ಮೇಲೆ ಬರೆದ ಹೆಸರಿನ ಗತಿ ಏನಾಯಿತು ಎಂದು ಹತ್‌ಶೆಪ್ಸುತ್‌ಳನ್ನೇ ಕೇಳಬೇಕು. ಆಕೆ ತೀರಿಕೊಂಡು ಸುಮಾರು ಇಪ್ಪತ್ತು ವರ್ಷವಾದ ಮೇಲೆ, ಆಕೆಯ ಮಲಮಗನೂ ಅಳಿಯನೂ ಆದ ಮೂರನೆಯ ಥುಟ್ಮೋಸ್‌ನಿಗೆ ಏನನ್ನಿಸಿತೋ, ಗೋಡೆ ಗೋಡೆಯ ಮೇಲಿದ್ದ ಅವಳ ಹೆಸರನ್ನು, ಚಿತ್ರವನ್ನು ಕೆತ್ತಿ ತೆಗೆಸಿದ. ವಿಗ್ರಹಗಳನ್ನು ಒಡೆಸಿ ಹತ್ತಿರದ ಹೊಂಡಕ್ಕೆ ಹಾಕಿಸಿದ. ವಿನ್‌ಲಾಕ್ ಆ ಚೂರುಗಳನ್ನು ಹೆಕ್ಕಿ ತಂದು ಜೋಡಿಸಬೇಕಾಯಿತು. ಆದರೆ ಥುಟ್ಮೋಸ್‌ನ ಉಳಿಯವರು ಎಷ್ಟೇ ನಿಷ್ಠೆಯಿಂದ ಕೆತ್ತಿದರೂ ಪಾಯಕ್ಕೆ ಇಳಿಯಲಿಲ್ಲ. ಅಲ್ಲಿ ಬಾಚಿಯ ಮೇಲೆ, ಭರಣಿಯ ಮೇಲೆ, ಜೀರುಂಡೆಯ ಹೊಟ್ಟೆಯ ಮೇಲೆ ಹತ್‌ಶೆಪ್ಸುತ್, ಹತ್‌ಶೆಪ್ಸುತ್ ಎಂದು ಕತ್ತಲಲ್ಲಿ ಬರೆದದ್ದು ಬರೆದ ಹಾಗೇ ಇತ್ತು. ಆಕೆಯ ಮುಖ್ಯ ಅಧಿಕಾರಿ ಸೆನೆನ್ಮುತ್‌ನಿಗೆ ಈ ಮರ್ಮ ಅರ್ಧ ಗೊತ್ತಿತ್ತು. ಅವನು ಗುಡಿಯ ಸಣ್ಣ ಗರ್ಭಗುಡಿಗಳ ಕದದ ಹಿಂದೆ, ಬಾಗಿಲು ತೆರೆದಾಗ ಮರೆಯಾಗುವ ಜಾಗದಲ್ಲಿ, ತಾನು ಕೈಮುಗಿದು ಕೂತ ಪುಟ್ಟ ಚಿತ್ರಗಳನ್ನು ಕೆತ್ತಿಸಿಕೊಂಡಿದ್ದ. ದೇವರಿಗೆ ಕಂಡರೆ ಸಾಕು, ಆಫೀಸಿನವರಿಗೆ ಕಾಣದಿದ್ದರೆ ಇನ್ನೂ ಒಳ್ಳೆಯದು. ಆದರೂ ಯಾರೋ ಕದ ಹಾಕಿ ನೋಡಿಬಿಟ್ಟರು. ಅವುಗಳಲ್ಲಿ ಹಲವನ್ನು ಕೆರೆದು ಹಾಕಿದ್ದಾರೆ.

ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದವನು ಬೇ. ಒಂದಕ್ಷರದ ಈ ಮನುಷ್ಯ ಸಿರಿಯಾ ಮೂಲದವನು. ಕ್ರಿ.ಪೂ. 1190ರ ಆಸುಪಾಸಿನಲ್ಲಿ, ಕಾಲು ಊನವಾಗಿದ್ದ ಹುಡುಗ ರಾಜ ಸಿಪ್ತಾಹನ ಮಹಾಮಂತ್ರಿಯಾಗಿದ್ದ. ರಾಜನನ್ನು ಅಪ್ಪನ ಗಾದಿಯ ಮೇಲೆ ಕೂರಿಸಿದವನು ನಾನೇ ಎಂದು ಕಲ್ಲಿನಲ್ಲಿ ಕೊಚ್ಚಿಕೊಂಡ ಧೀರ. ಸಿಪ್ತಾಹನ ಗುಡಿಯ ಪಾಯವನ್ನು ಪೆಟ್ರಿ ಅಗೆದಾಗ ರಾಜನ ಹೆಸರಿನ ಸಾಮಾನುಗಳ ಜೊತೆಗೇ ಬೇ ಹೆಸರಿನವೂ ಸಿಕ್ಕವು. ಪಾಯದಲ್ಲಿ ರಾಜನ ಪಕ್ಕ ಮಂತ್ರಿಯ ಹೆಸರು! ಅಡಿಗಲ್ಲಿನಲ್ಲಿ ಯಾರ ಹೆಸರು ಯಾರ ಮೇಲೆ ಬರಬೇಕು ಎಂದು ನಮ್ಮಲ್ಲಿ ಶಿಷ್ಟಾಚಾರದ ರಗಳೆಗಳಾಗುವುದನ್ನು ಕಂಡವರಿಗೆ ಇದರ ರುಚಿ ತಿಳಿಯುತ್ತದೆ. ಸಿಪ್ತಾಹ ಪಟ್ಟಕ್ಕೆ ಬಂದ ಐದನೆಯ ವರ್ಷದಲ್ಲೇ ಬೇ ಕೆಲಸ ಮುಗಿಯಿತು. ಫೇರೋ ಆ ಮಹಾಶತ್ರು ಬೇಯನ್ನು ಕೊಲ್ಲಿಸಿದ್ದಾನೆ ಎಂದು ಕೂಲಿಗಾರರಿಗೆ ತಿಳಿಸಿದ ಬರಹದ ಬೋಕಿಬಿಲ್ಲೆಯೊಂದು ಸಿಕ್ಕಿದೆ. ಶತ್ರುವಿನ ಹೆಸರು ತನ್ನ ಗುಡಿಯ ಬುಡದಲ್ಲೇ ಕೂತಿದೆ ಎಂದು ಆ ಹುಡುಗನಿಗೆ ನೆನಪಿತ್ತೋ ಇಲ್ಲವೋ. ನೆನಪಾಗಿದ್ದರೂ ಏನು ಮಾಡುವುದು? ಅಷ್ಟಕ್ಕೆ ಪಾಯ ಕೀಳಿಸಲಾಗುತ್ತದೆಯೇ?

ಪಾಯ ಸುಳ್ಳು ಹೇಳುವುದಿಲ್ಲ ಎಂಬುದನ್ನು ಹೋವರ್ಡ್ ಕಾರ್ಟರ್ ಕೂಡ ಕಂಡುಕೊಂಡ. ಅವನಿಗೆ ತುತಾನ್‌ಖಾಮನ್‌ನ ಗೋರಿ ಸಿಗುವುದಕ್ಕೆ ಎಷ್ಟೋ ವರ್ಷ ಮೊದಲ ಮಾತು. ರಾಜರ ಗೋರಿಗಳಿಗೂ ಬಾಗಿಲ ಮುಂದೆ ಇಂಥ ಗುಂಡಿಗಳಿರುತ್ತಿದ್ದವು. 1903ರಲ್ಲಿ ಅವನಿಗೆ ಮೊದಲು ಸಿಕ್ಕಿದ್ದು ನಾಲ್ಕನೆಯ ಥುಟ್ಮೋಸ್ ಹೆಸರಿನ ಗುಂಡಿಗಳು, ಆಮೇಲೆ ಗೋರಿ. ಬಾಗಿಲಿಗಿಂತ ಮೊದಲು ವಿಳಾಸ. 1915ರಲ್ಲಿ ಮೂರನೆಯ ಅಮೆನ್‌ಹೋಟೆಪ್‌ನ ಗೋರಿಯ ಮುಂದೆ ಅಗೆದರೆ ಅಲ್ಲಿಯೂ ಅವನ ಅಪ್ಪನಾದ ಅದೇ ಥುಟ್ಮೋಸ್‌ನ ಹೆಸರು. ಅಪ್ಪ ಶುರು ಮಾಡಿಸಿದ್ದನ್ನು ಮಗ ತನ್ನದಾಗಿ ಮಾಡಿಕೊಂಡಿದ್ದ. ಖಾತೆ ಬದಲಾಯಿಸಿದರೂ ಮೂಲ ಪತ್ರ ಗುಂಡಿಯಲ್ಲೇ ಉಳಿದಿತ್ತು.

ಹೂಳುವುದೆಲ್ಲ ಶುಭಕ್ಕೇ ಅಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಕಾರ್ನಾಕಿನ ದೊಡ್ಡ ಗುಡಿಯಲ್ಲಿ ಏಳನೆಯ ಗೋಪುರದ ಮುಂದಿನ ಅಂಗಳದಲ್ಲಿ 1903ರಿಂದ ಜಾರ್ಜ್ ಲೆಗ್ರೇನ್ ಎಂಬ ಫ್ರೆಂಚನು ಅಗೆಯುತ್ತ ಹೋದ ಹಾಗೆ ಕೆಸರು ನೀರಿನೊಳಗಿನಿಂದ ಸುಮಾರು 750 ಕಲ್ಲಿನ ವಿಗ್ರಹಗಳು, 17,000ದಷ್ಟು ಕಂಚಿನ ಮೂರ್ತಿಗಳು ಎದ್ದು ಬಂದವು. ನೂರಾರು ವರ್ಷಗಳಲ್ಲಿ ರಾಜರು, ಪುರೋಹಿತರು, ಅಧಿಕಾರಿಗಳು ನೈವೇದ್ಯದಲ್ಲಿ ತಮಗೂ ಒಂದು ಪಾಲಿರಲಿ ಎಂದು ಗುಡಿಯಲ್ಲಿ ತಂತಮ್ಮ ಪ್ರತಿಮೆ ಇಡಿಸುತ್ತ ಹೋಗಿ, ಕೊನೆಗೆ ಕಾಲಿಡಲು ಜಾಗವಿಲ್ಲದೆ ಅರ್ಚಕರು ಗೌರವದಿಂದ ಗುಂಡಿ ತೋಡಿದ್ದರು. ಎಸೆಯುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಗಾಜು ಒಡೆದ ದೇವರ ಪಟಗಳನ್ನು ಅರಳಿಕಟ್ಟೆಯ ಬುಡಕ್ಕೆ ಇಟ್ಟು, ತಿರುಗಿ ನೋಡದೆ ಬಂದುಬಿಡುವ ನಮಗೆ ಆ ಅರ್ಚಕರ ಸಂಕಟವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಆ ಬಾಚಿಗೇ ಹೋಗುತ್ತದೆ. ಅಷ್ಟು ಚಿಕ್ಕದನ್ನು ಯಾಕೆ ಮಾಡಿದರು? ನಿಜವಾದ ಬಾಚಿಯನ್ನೇ ಇಡಬಹುದಿತ್ತು. ಸಂಕೇತ, ಮಾದರಿ ಎಂದು ಪಂಡಿತರು ಹೇಳುವುದು ಸರಿಯೇ. ನನಗೆ ಹೊಳೆದ ಕಾರಣ ಇನ್ನೊಂದಿದೆ, ಅದಕ್ಕೆ ಆಧಾರ ಕೇಳಬಾರದು. ರಾಜರ ಗೋರಿ ಕೊರೆಯುತ್ತಿದ್ದ ಕೆಲಸಗಾರರು ದೈರ್ ಅಲ್ ಮದೀನಾ ಎಂಬ ಹಳ್ಳಿಯಲ್ಲಿ ಇರುತ್ತಿದ್ದರು. ಅವರಿಗೆ ಕೊಡುವ ತಾಮ್ರದ ಉಳಿಗಳು ಸರ್ಕಾರದ ಸ್ವತ್ತು. ಕೊಡುವಾಗ ಕಲ್ಲಿನ ತೂಕಕ್ಕೆ ಹಾಕಿ ತೂಗಿ, ಮೊಂಡಾದಾಗ ವಾಪಸು ಪಡೆದು, ಲೆಕ್ಕ ಬರೆದಿಡುತ್ತಿದ್ದರು. ಹೀಗಿರುವಾಗ ಒಳ್ಳೆಯ ಬಾಚಿಯನ್ನು ಮಣ್ಣಿಗೆ ಹಾಕು ಎಂದರೆ ಯಾವ ಉಗ್ರಾಣದವನು ಒಪ್ಪುತ್ತಾನೆ? ಯಾವ ಮೇಸ್ತ್ರಿ ಕೊಡುತ್ತಾನೆ? ನಮ್ಮ ಪೂಜೆಯ ದಿನ ಜೋಯಿಸರು ‘ಕರಣೆ ಇಡಿ’ ಅಂದಾಗ ಮೇಸ್ತ್ರಿ ಕರಣೆಯನ್ನು ಇಟ್ಟ ಹಾಗೆ ಮಾಡಿ, ಅರಿಶಿನ ಕುಂಕುಮ ಬಿದ್ದ ಕೂಡಲೇ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ನವರತ್ನದ ಕವರು ಗುಂಡಿಗೆ ಹೋಯಿತು. ಕರಣೆ ಹೋಗಲಿಲ್ಲ.

ಊರಿಗೆ ಬಂದ ಮೇಲೆ ಮೇಸ್ತ್ರಿ ಸಿಕ್ಕಿದ. ಮೊದಲ ಮಹಡಿಯಲ್ಲಿ ಮಳೆಗೆ ಸೋರುತ್ತಿದ್ದ ಗೋಡೆಗೆ ಗಾರೆ ಹಾಕಲು ಬಂದಿದ್ದ. ಈಗ ಅವನಿಗೂ ತಲೆ ಬೆಳ್ಳಗಾಗಿದೆ. ಮೊಬೈಲಿನಲ್ಲಿ ಆ ಇಟ್ಟಿಗೆ ಅಚ್ಚಿನ ಫೋಟೊ ತೋರಿಸಿದೆ. ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

‘ಒಂಟಿ ಇಟ್ಟಿಗೇದು ಸಾರ್. ನಮ್ಮಪ್ಪನ ಹತ್ರ ಜೋಡಿದಿತ್ತು. ಯಾವೂರು?’

‘ಈಜಿಪ್ಟು. ಮೂರೂವರೆ ಸಾವಿರ ವರ್ಷದ್ದು.’

ಅವನಿಗೆ ವರ್ಷದಿಂದ ಏನೂ ಆಶ್ಚರ್ಯವಾಗಲಿಲ್ಲ. ಬಾಚಿಯ ಫೋಟೊಗೆ ಬೆರಳು ಎಳೆದು, ‘ಕಟ್ಟು ಬಿಗಿಯಾಗಿ ಕಟ್ಟವ್ನೆ’ ಅಂದ. ಆಮೇಲೆ ಕರಣೆಗೆ ಅಂಟಿದ ಗಾರೆಯನ್ನು ಗೋಡೆಯ ಅಂಚಿಗೆ ಸವರುತ್ತ ಕೇಳಿದ: ‘ಕೂಲಿ ಸರ್ಯಾಗಿ ಕೊಡ್ತಿದ್ರಂತಾ ಸಾರ್ ಆ ರಾಜ್ರು?’

ಇಷ್ಟು ದಿನ ನಾನು ಈ ವಿಷಯ ಹೇಳಿದವರಲ್ಲಿ ಯಾರೂ ಕೇಳದ ಪ್ರಶ್ನೆ. ಹೇಳಿದೆ. ಮೂರನೆಯ ರಾಮ್ಸೆಸ್‌ನ ಇಪ್ಪತ್ತೊಂಬತ್ತನೆಯ ವರ್ಷದಲ್ಲಿ ಕೂಲಿಯ ಕಾಳು ತಡವಾಯಿತೆಂದು ಆ ಹಳ್ಳಿಯವರು ಉಳಿ ಕೆಳಗಿಟ್ಟು, ಕೆಲಸ ಬಿಟ್ಟು ನಡೆದು, ಮೂರನೆಯ ಥುಟ್ಮೋಸ್‌ನ ಗುಡಿಯ ಹಿಂದೆ ಹೋಗಿ ಕೂತುಬಿಟ್ಟರು. ಅದನ್ನು ಅವರ ಗುಮಾಸ್ತ ಬರೆದಿಟ್ಟ ಕಾಗದ ಇವತ್ತಿಗೂ ಇಟಲಿಯ ಟ್ಯೂರಿನ್ನಿನಲ್ಲಿದೆ. ಕೆಲಸಗಾರರ ಮುಷ್ಕರ ಎಂದು ಜಗತ್ತಿನಲ್ಲಿ ಬರಹದಲ್ಲಿ ಸಿಗುವ ಮೊದಲನೆಯದೇ ಅದು ಎಂದೆ.

ಮೇಸ್ತ್ರಿಯ ಮುಖ ಅರಳಿತು. ‘ಗುಡಿ ಹಿಂದ್ಗಡೆ ಕೂತ್ರಾ? ಒಳ್ಳೆ ಕೆಲ್ಸ ಮಾಡಿದ್ರು’ ಅಂದ. ಸ್ವಲ್ಪ ಹೊತ್ತು ಗೋಡೆ ಉಜ್ಜಿದ. ಆಮೇಲೆ ತಿರುಗದೆಯೇ, ‘ಸಾರ್, ಹೋದ ತಿಂಗಳ ಸಂಪಿನ ಕೆಲ್ಸದ್ದು ನಂದೂ ನಾಲ್ಕು ಸಾವಿರ ನಿಂತಿತ್ತಲ್ಲ’ ಅಂದ.

ನಾನು ಒಳಗೆ ಹೋಗಿ ಪರ್ಸ್ ಹುಡುಕತೊಡಗಿದೆ.